ಕಲ್ಲಿನ ಮೇಲೆ ಬರೆದ ಸುದ್ದಿ: ಊರ ಪತ್ರಿಕೆಯ ಬಗ್ಗೆ ನೀವು ಕೇಳಿದ್ದು

ಜುಲೈ ಒಂದರ ಪತ್ರಿಕಾ ದಿನ ಮುಗಿದ ಮೇಲೆ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ್ದು: ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'. ಅದಕ್ಕೇ ಈ ಸಲದ ಜಾಗವನ್ನೆಲ್ಲ ಅದಕ್ಕೇ ಕೊಟ್ಟಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ನಾನು ಇತಿಹಾಸದ ಪ್ರೊಫೆಸರ್ ಅಲ್ಲ. ಸಣ್ಣ ಊರಿನ ವಾರಪತ್ರಿಕೆಯೊಂದರ ಪ್ರೆಸ್ಸಿನಲ್ಲಿ ಮೊಳೆ, ಅಂದರೆ ಅಚ್ಚಿನ ಬಿಡಿ ಅಕ್ಷರ, ಜೋಡಿಸುತ್ತ ತಲೆ ನರೆಸಿಕೊಂಡವನು. ಹಳೇ ಪತ್ರಿಕೆ ಕೈಗೆ ಸಿಕ್ಕರೆ ಸಂಪಾದಕೀಯ ಓದುವ ಮೊದಲು ಕಾಗದ ಮುಟ್ಟಿ ನೋಡುವ ಜಾತಿ. ಉತ್ತರಗಳಲ್ಲೂ ಆ ವಾಸನೆ ಇರುತ್ತದೆ, ಸಹಿಸಿಕೊಳ್ಳಿ.

ಜುಲೈ 1ನ್ನೇ ಪತ್ರಿಕಾ ದಿನ ಅಂತ ಯಾಕೆ ಆಚರಿಸುತ್ತಾರೆ ಸಾರ್? ಭಾಷಣದಲ್ಲಿ ಎಲ್ಲರೂ ಮೊಗ್ಲಿಂಗ್ ಹೆಸರು ಹೇಳ್ತಾರೆ, ಪತ್ರಿಕೆ ಹೇಗಿತ್ತು ಅಂತ ಯಾರೂ ಹೇಳಲ್ಲ.
ವಿದ್ಯಾರ್ಥಿನಿ, ಶಿವಮೊಗ್ಗ

ಕನ್ನಡದ ಮೊದಲ ಪತ್ರಿಕೆ ಹೊರಬಂದದ್ದು 1843ರ ಜುಲೈ 1ರಂದು, ಮಂಗಳೂರಿನಲ್ಲಿ. ಹದಿನೈದು ದಿನಕ್ಕೊಂದು ಸಂಚಿಕೆ. ನಾಲ್ಕು ಪುಟ, ಕಲ್ಲಚ್ಚಿನಲ್ಲಿ ಒತ್ತಿದ್ದು. ಬೆಲೆ ಒಂದು ದುಡ್ಡು. ದುಡ್ಡು ಅಂದರೆ ಆಗ ತಾಮ್ರದ ಒಂದು ಚಿಕ್ಕ ನಾಣ್ಯ.

ಹೊರತಂದವರು ಹರ್ಮನ್ ಮೊಗ್ಲಿಂಗ್. ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯವರು, ಹುಟ್ಟಿದ್ದು 1811ರಲ್ಲಿ. ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯ ಪಾದ್ರಿಯಾಗಿ 1836ರಲ್ಲಿ ಮಂಗಳೂರಿಗೆ ಬಂದರು. ಪತ್ರಿಕೆ ಶುರುಮಾಡಿದಾಗ ವಯಸ್ಸು ಮೂವತ್ತೆರಡು. ಬಂದು ಏಳು ವರ್ಷದೊಳಗೆ ಕನ್ನಡ ಕಲಿತು, ಕನ್ನಡದಲ್ಲೇ ಪತ್ರಿಕೆ ನಡೆಸುವ ಧೈರ್ಯ ಮಾಡಿದ್ದಾರೆ. ನಮ್ಮಲ್ಲಿ ಇಪ್ಪತ್ತು ವರ್ಷ ಇದ್ದು 'ಕನ್ನಡ ಗೊತ್ತಿಲ್ಲ' ಅನ್ನುವವರು ಇದ್ದಾರೆ, ಇರಲಿ ಬಿಡಿ.

ಪತ್ರಿಕೆ ಯಾಕೆ ಬೇಕು ಅನ್ನುವುದಕ್ಕೆ ಅವರು ಕೊಟ್ಟ ಕಾರಣ ನನಗೆ ಬಹಳ ಇಷ್ಟ. ಈ ಊರಿನವರಿಗೆ ಸುದ್ದಿ ಹೇಳುವುದೂ ಕೇಳುವುದೂ ಪ್ರಿಯ. ಆದರೆ ಬೆಳಿಗ್ಗೆ ಹುಟ್ಟಿದ ಸುದ್ದಿ ಸಂಜೆಯೊಳಗೆ ಸುಳ್ಳಾಗಿರುತ್ತದೆ. ಹಾಗಾಗಿ ನಿಜವಾದ ವರ್ತಮಾನವನ್ನು ಕಾಗದದ ಮೇಲೆ ಹಾಕಿ ಹಂಚೋಣ ಅನ್ನುವ ಅರ್ಥದಲ್ಲಿ ಬರೆದಿದ್ದಾರೆ. ಇದು ಸುಮ್ನೆ ಬಾಯಿಮಾತಲ್ಲ. ಆರು ವರ್ಷ ಹಿಂದೆ, 1837ರ ಏಪ್ರಿಲ್‌ನಲ್ಲಿ, ಸುಳ್ಯದ ಕಡೆಯಿಂದ ಹೊರಟ ರೈತರ ದಂಡು ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಮಂಗಳೂರಿಗೇ ನುಗ್ಗಿ ಊರನ್ನು ಕೆಲವು ದಿನ ಹಿಡಿದಿಟ್ಟುಕೊಂಡಿತ್ತು. ಇವತ್ತು ಅಮರಸುಳ್ಯದ ದಂಗೆ ಅಂತ ಕರೆಯುತ್ತೇವಲ್ಲ, ಅದೇ. ದಂಡು ಎಲ್ಲಿಗೆ ಬಂತು, ಯಾರು ಓಡಿದರು, ಯಾರು ಸೇರಿಕೊಂಡರು ಅಂತ ಗುಸುಗುಸು ಊರನ್ನೇ ಅಲ್ಲಾಡಿಸುವುದನ್ನು ಮೊಗ್ಲಿಂಗ್ ಬಂದ ಹೊಸದರಲ್ಲೇ ನೋಡಿದ್ದರು.

ನಾಲ್ಕು ಪುಟದಲ್ಲಿ ಏನಿರುತ್ತಿತ್ತು? ಊರ ವರ್ತಮಾನ, ಸರಕಾರದ ನಿರೂಪಗಳು (ಅಂದರೆ ಆದೇಶಗಳು), ಬೇರೆ ರಾಜ್ಯಗಳ ಸುದ್ದಿ, ಆಶ್ಚರ್ಯದ ಸಂಗತಿಗಳು, ಕಥೆ, ಬುದ್ಧಿಮಾತು, ಪುರಂದರದಾಸರ ಪದ. ಪಾದ್ರಿ ತೆಗೆದ ಪತ್ರಿಕೆಯಲ್ಲಿ ದಾಸರ ಪದವೇ ಅಂತ ಹುಬ್ಬೇರಿಸಬೇಡಿ, ಆ ಪ್ರಶ್ನೆ ಕೆಳಗೆ ಬರುತ್ತದೆ.

ಕಲ್ಲಚ್ಚು ಅಂತೀರಲ್ಲ, ಕಲ್ಲಿನಲ್ಲಿ ಅಕ್ಷರ ಕೆತ್ತಿ ಒತ್ತುತ್ತಿದ್ದರಾ? ಶಾಸನದ ಹಾಗೆ?
ನಿವೃತ್ತ ಬ್ಯಾಂಕ್ ನೌಕರರು, ಹಾಸನ

ಕೆತ್ತುವುದೇ ಇಲ್ಲ. ಅದೇ ಅದರ ಸೊಗಸು.

ಎಣ್ಣೆಗೂ ನೀರಿಗೂ ಆಗಿಬರುವುದಿಲ್ಲ ಅನ್ನುವುದು ಗೊತ್ತಲ್ವಾ, ಇಡೀ ಕಲ್ಲಚ್ಚು ನಿಂತಿರುವುದು ಅಷ್ಟರ ಮೇಲೆ. ಇದನ್ನು ಕಂಡುಹಿಡಿದದ್ದು ಸೆನೆಫೆಲ್ಡರ್ ಅನ್ನುವವರು, ಜರ್ಮನಿಯಲ್ಲಿ, 18ನೇ ಶತಮಾನದ ಕೊನೆಯಲ್ಲಿ. ಬೇಕಾಗಿದ್ದು ಒಂದು ಬಗೆಯ ನುಣುಪಾದ ಸುಣ್ಣಕಲ್ಲು. ಬವೇರಿಯಾದ ಜೋಲ್ನ್‌ಹೋಫನ್ ಅನ್ನುವ ಊರಿನ ಗಣಿಯ ಕಲ್ಲೇ ಇದಕ್ಕೆ ಹೆಸರುವಾಸಿ. ಎರಡು ಕಲ್ಲುಗಳ ನಡುವೆ ಮರಳು, ನೀರು ಹಾಕಿ ಒಂದರ ಮೇಲೊಂದು ಉಜ್ಜಿ ಉಜ್ಜಿ ಮೈ ಸಪಾಟು ಮಾಡಬೇಕು.

ಆಮೇಲೆ ಬರವಣಿಗೆ. ಸಾಬೂನು, ಮೇಣ, ಕೊಬ್ಬು, ಕಾಡಿಗೆ ಸೇರಿಸಿದ ಜಿಡ್ಡು ಶಾಯಿ. ಕಲ್ಲಿನ ಮೇಲೆ ನೇರ ಬರೆಯುವುದಾದರೆ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗಾಗಿ ಬರೆಯಬೇಕು. ಅದು ಎಲ್ಲರಿಂದ ಆಗುವ ಕೆಲಸವಲ್ಲ. ಅದಕ್ಕೆ ಇನ್ನೊಂದು ದಾರಿ: ಅಂಟು ಬಳಿದ ಕಾಗದದ ಮೇಲೆ ಸರಿಯಾಗೇ ಬರೆದು, ಆ ಕಾಗದವನ್ನು ಕಲ್ಲಿನ ಮೇಲೆ ಬೋರಲು ಹಾಕಿ ಒತ್ತಿದರೆ ಬರಹ ಕಲ್ಲಿಗೆ ಇಳಿಯುತ್ತದೆ. ತಾನಾಗೇ ತಿರುಗುತ್ತದೆ. ಬಳಿಕ ಗೋಂದು, ಒಂದಿಷ್ಟು ತೆಳು ಆಮ್ಲ ಬಳಿಯುತ್ತಾರೆ. ಬರಹ ಇರುವಲ್ಲಿ ಜಿಡ್ಡು ನಿಲ್ಲುತ್ತದೆ, ಇಲ್ಲದಲ್ಲಿ ಕಲ್ಲು ನೀರು ಹಿಡಿಯುತ್ತದೆ.

ಇನ್ನು ಅಚ್ಚು. ಒದ್ದೆ ಬಟ್ಟೆಯಿಂದ ಕಲ್ಲು ಒರೆಸು. ಚರ್ಮದ ಉರುಳೆಯಿಂದ ಶಾಯಿ ಹಚ್ಚು. ಒದ್ದೆ ಇದ್ದಲ್ಲಿ ಶಾಯಿ ಹತ್ತುವುದಿಲ್ಲ, ಜಿಡ್ಡು ಇದ್ದಲ್ಲಿ ಹತ್ತುತ್ತದೆ. ಕಾಗದ ಹಾಸು. ಮೇಲೊಂದು ಹೊದಿಕೆ ಮುಚ್ಚು. ಮರದ ಪಟ್ಟಿಯ ಕೆಳಗೆ ಕಲ್ಲನ್ನು ಎಳೆ. ಕಾಗದ ಬಿಡಿಸಿ ಒಣಹಾಕು. ಮತ್ತೆ ಒರೆಸು, ಮತ್ತೆ ಶಾಯಿ, ಮತ್ತೆ ಎಳೆ. ಒಂದೊಂದು ಪ್ರತಿಗೂ ಇಷ್ಟು ಕೆಲಸ. ಅದರ ಮೇಲೆ ಅದು ಜುಲೈ ತಿಂಗಳು, ಕರಾವಳಿ! ಹೊರಗೆ ಸುರಿಯುತ್ತಿರುವ ಮಳೆಯಲ್ಲಿ ಒದ್ದೆ ಹಾಳೆ ಒಣಗಿಸುವ ಫಜೀತಿ ಪ್ರೆಸ್ಸಿನಲ್ಲಿ ದುಡಿದವನಿಗೆ ಮಾತ್ರ ಅರ್ಥವಾಗುತ್ತದೆ. ಮಳೆಗಾಲದಲ್ಲಿ ನಮ್ಮ ಪ್ರೆಸ್ಸಿನ ಕಾಗದ ಪಾಪಡ್ ಮೆತ್ತಗಾದ ಹಾಗೆ ಆಗಿ, ಮೂಲೆ ಮಡಚಿ, ಕಾಲಲ್ಲಿ ತುಳಿದು ಓಡಿಸುವ ಟ್ರೆಡಲ್ ಯಂತ್ರದ ಬಾಯಿಗೆ ಸಿಕ್ಕಿಕೊಳ್ಳುತ್ತಿತ್ತು.

ಹಾಗಾದರೆ ಮೊಳೆಯ ಬದಲು ಕಲ್ಲು ಯಾಕೆ? ಒಂದು ಕಾರಣ ಖರ್ಚು. ಕನ್ನಡ ಮೊಳೆ ಅಂದರೆ ಇಂಗ್ಲಿಷಿನ ಇಪ್ಪತ್ತಾರು ಅಕ್ಷರದ ಹಾಗಲ್ಲ. ಕಾಗುಣಿತ, ಒತ್ತು, ಅರ್ಕಾವೊತ್ತು ಅಂತ ಮೊಳೆ ಇಡಲು ನೂರಾರು ಗೂಡು ಬೇಕು. 'ಸ್ತ್ರೀ' ಅನ್ನುವ ಒಂದೇ ಅಕ್ಷರಕ್ಕೆ ಕೈ ಎಷ್ಟು ಗೂಡಿಗೆ ಹೋಗಿಬರಬೇಕು ಅನ್ನುವುದು ಜೋಡಿಸಿದವನಿಗೇ ಗೊತ್ತು. ಕಲ್ಲಿಗೆ ಅದ್ಯಾವುದೂ ಇಲ್ಲ. ಒಳ್ಳೆಯ ಕೈಬರಹದವನೊಬ್ಬ ಇದ್ದರೆ ಆಯಿತು, ಒತ್ತಿನ ಮೇಲೆ ಒತ್ತು ಎಷ್ಟಾದರೂ ಬರೆಯುತ್ತಾನೆ. ಮಂಗಳೂರಿನ ಮಿಷನ್ನಿನವರು ಕಲ್ಲಚ್ಚಿನ ಪ್ರೆಸ್ ತರಿಸಿಕೊಂಡದ್ದು 1841ರಲ್ಲಿ. ಎರಡು ವರ್ಷದಲ್ಲಿ ಪತ್ರಿಕೆ ಶುರು.

ಹೀಗಾಗಿ ಮಂಗಳೂರ ಸಮಾಚಾರ ಅಚ್ಚಾದ ಪತ್ರಿಕೆಯೂ ಹೌದು, ಕೈಬರಹದ ಪತ್ರಿಕೆಯೂ ಹೌದು. ಆ ಕಾಲದ ಬರವಣಿಗೆಯ ರೂಢಿಯೆಲ್ಲ ಅದರಲ್ಲಿ ಹಾಗೇ ಇಳಿದಿದೆ. 'ಊರು' ಅನ್ನುವುದು 'ವೂರು', 'ಈ' ಅನ್ನುವುದು 'ಯೀ'. ಯಾರ ಕೈಯೋ ಅದು, ಕಚೇರಿಯಲ್ಲಿ ಅರ್ಜಿ ಬರೆದು ಪಳಗಿದ ಕೈ ಇದ್ದರೂ ಇದ್ದೀತು ಅಂತ ನೋಡಿದಾಗಲೆಲ್ಲ ನನಗೆ ಅನಿಸುತ್ತದೆ. ಬರೆದವರ ಹೆಸರನ್ನು ಯಾವ ಪತ್ರಿಕಾ ದಿನದ ಭಾಷಣದಲ್ಲೂ ಯಾರೂ ಹೇಳಿದ್ದು ಕೇಳಿಲ್ಲ.

ಮಂಗಳೂರಿನಲ್ಲಿ ಮನೆಮಾತು ತುಳು, ಕೊಂಕಣಿ, ಬ್ಯಾರಿ. ಪತ್ರಿಕೆ ಕನ್ನಡದಲ್ಲಿ ಬಂದದ್ದು ಯಾಕೆ?
ಗೃಹಿಣಿ, ಸುರತ್ಕಲ್

ಒಳ್ಳೇ ಪ್ರಶ್ನೆ ಅಕ್ಕಾ. ಮನೆಯಲ್ಲಿ, ಸಂತೆಯಲ್ಲಿ, ಬಂದರಿನಲ್ಲಿ ನೀವು ಹೇಳಿದ ಭಾಷೆಗಳೇ. ಆದರೆ ಕಾಗದದ ಮೇಲೆ ಕನ್ನಡ. ಕೆಳದಿಯ ನಾಯಕರ ಕಾಲದಿಂದಲೂ ಆ ಸೀಮೆಯ ಲೆಕ್ಕಪತ್ರ, ಕಡತ, ಅರ್ಜಿ ಎಲ್ಲ ಕನ್ನಡದಲ್ಲೇ ನಡೆಯುತ್ತಿದ್ದವು. ಇಂಗ್ಲಿಷರ ಕಲೆಕ್ಟರು ಬಂದ ಮೇಲೂ ಕೆಳಗಿನ ಕಚೇರಿಗಳಲ್ಲಿ ಅದೇ ಮುಂದುವರಿಯಿತು. ಓದು ಬಂದವನು ಅಂದರೆ ಕನ್ನಡ ಓದು ಬಂದವನು ಅಂತಲೇ. ಪತ್ರಿಕೆ ಕೊಳ್ಳಬಲ್ಲವರು ಯಾರು ಅಂತ ನೋಡಿ: ಶಾನುಭೋಗರು, ಗುಮಾಸ್ತರು, ವಕೀಲರು, ಶಾಲೆಯ ಮೇಷ್ಟ್ರು, ಅಂಗಡಿಯ ಲೆಕ್ಕ ಬರೆಯುವವರು. ಮನೆಯಲ್ಲಿ ತುಳುವಿನಲ್ಲಿ ಬೈದು ಕಚೇರಿಯಲ್ಲಿ ಕನ್ನಡದಲ್ಲಿ ಬರೆಯುವ ಜನ.

ಮಿಷನ್ನಿನವರು ತುಳುವನ್ನು ಬಿಟ್ಟಿರಲಿಲ್ಲ. ಅದೇ ದಶಕದಲ್ಲಿ ಬೈಬಲಿನ ಹೊಸ ಒಡಂಬಡಿಕೆಯನ್ನು ತುಳುವಿಗೆ ತಂದು ಕನ್ನಡ ಲಿಪಿಯಲ್ಲೇ ಅಚ್ಚು ಹಾಕಿದರು. ಪ್ರಾರ್ಥನೆಗೆ ಮನೆಮಾತು, ಸುದ್ದಿಗೆ ಕಚೇರಿ ಮಾತು. ಲೆಕ್ಕ ಸರಿಯಾಗೇ ಇತ್ತು.

ಒಂದು ದುಡ್ಡಿಗೆ ಮಾರಿದರೆ ಖರ್ಚು ಹುಟ್ಟುತ್ತಿತ್ತಾ? ಜಾಹೀರಾತು ಇತ್ತಾ?
ವಾರಪತ್ರಿಕೆ ಸಂಪಾದಕರು, ಉತ್ತರ ಕನ್ನಡ

ಕಸುಬಿನವರ ಪ್ರಶ್ನೆ! ಬೆನ್ನಿಗೆ ಮಿಷನ್ ಇತ್ತು ಸ್ವಾಮಿ. ಕಲ್ಲು, ಪ್ರೆಸ್, ಕೆಲಸದವರು ಎಲ್ಲ ಅವರದೇ. ಸಂಪಾದಕರ ಊಟವೂ ಅಲ್ಲಿಂದಲೇ. ಆ ಅನುಕೂಲ ಇಲ್ಲದೆ ಪತ್ರಿಕೆ ಮಾಡಿದವರ ಪಾಡು ಏನಾಯಿತು ಅನ್ನುವುದನ್ನು 19ನೇ ಶತಮಾನದ ಉಳಿದ ಊರ ಪತ್ರಿಕೆಗಳೇ ಹೇಳುತ್ತವೆ. ಹುಟ್ಟಿದ್ದು ಹತ್ತಾರು, ಬಾಳಿದ್ದು ಕೈಬೆರಳೆಣಿಕೆಯಷ್ಟು.

ಹಣದ ತೊಂದರೆಗಿಂತ ದೊಡ್ಡದು ಟಪಾಲಿನ ತೊಂದರೆ. 1843ರಲ್ಲಿ ಅಂಚೆಚೀಟಿ ಇನ್ನೂ ಬಂದಿರಲಿಲ್ಲ. ದೂರ ಹೆಚ್ಚಾದಷ್ಟೂ ಕೂಲಿ ಹೆಚ್ಚು. ಕಾಲ್ನಡಿಗೆಯ ಅಂಚೆಯವರು ಚೀಲ ಹೊತ್ತು ಓಡಿ ಮುಂದಿನವನಿಗೆ ದಾಟಿಸಬೇಕು, ಮಳೆಗಾಲದಲ್ಲಿ ಹೊಳೆ ಇಳಿಯುವ ತನಕ ಕಾಯಬೇಕು. ಅರ್ಧ ಆಣೆ ಚೀಟಿ ಹಚ್ಚಿದರೆ ದೇಶದ ಯಾವ ಮೂಲೆಗಾದರೂ ಕಾಗದ ಹೋಗುವ ಕಾಲ ಬಂದದ್ದು 1854ರಲ್ಲಿ. ಊರ ಪತ್ರಿಕೆಗಳು ಊರಿನಾಚೆ ಕಾಲಿಟ್ಟದ್ದೂ ಅದಾದ ಮೇಲೇ ಜಾಸ್ತಿ. ನಾನು ಒಂದು ಮಾತು ಆಗಾಗ ಹೇಳುವುದುಂಟು: ಪತ್ರಿಕೆಯ ಇತಿಹಾಸ ಬರೆಯುವವರು ಸಂಪಾದಕರ ಫೋಟೋ ಹಾಕುವ ಜಾಗದಲ್ಲಿ ಒಂದು ಸಲವಾದರೂ ಟಪಾಲಿನವನ ಚಿತ್ರ ಹಾಕಬೇಕು.

ಜಾಹೀರಾತಿನ ಆಸೆಗೆ ಅದು ಹುಟ್ಟಿದ ಪತ್ರಿಕೆಯಲ್ಲ. ಕೋರ್ಟಿನ ನೋಟೀಸು, ಔಷಧದ ಶೀಷೆ, ಪಂಚಾಂಗದ ಜಾಹೀರಾತು ನಂಬಿಕೊಂಡ ಊರ ಪತ್ರಿಕೆಗಳ ಕಾಲ ಆ ಶತಮಾನದ ಕೊನೆಗೆ ಬಂತು. ಚಂದಾ ಬಾಕಿಯ ಗೋಳು ಮಾತ್ರ ಅಂದಿಗೂ ಇಂದಿಗೂ ಒಂದೇ, ನಿಮಗೆ ನಾನು ಹೇಳಬೇಕಾಗಿಲ್ಲ.

ಮತಾಂತರಕ್ಕೆ ಬಂದವರ ಪತ್ರಿಕೆಯನ್ನು ಕನ್ನಡಿಗರು ಯಾಕೆ ತಲೆ ಮೇಲೆ ಹೊತ್ತುಕೊಳ್ಳಬೇಕು?
ಹೆಸರು ಬೇಡ ಅಂದಿದ್ದಾರೆ, ತುಮಕೂರು

ಹೊರಬೇಡಿ. ಹಾಗಂತ ಎಸೆಯಲೂಬೇಡಿ.

ಮೊಗ್ಲಿಂಗ್ ಬಂದದ್ದು ಪ್ರಚಾರಕ್ಕೇ. ಅದನ್ನು ಅವರೂ ಮುಚ್ಚಿಡಲಿಲ್ಲ. ಪತ್ರಿಕೆಯ ಬುದ್ಧಿಮಾತಿನಲ್ಲಿ ಆ ದನಿ ಕೇಳುತ್ತದೆ. ಆದರೆ ಅದೇ ಮನುಷ್ಯ ದಾಸರ ಪದಗಳನ್ನು ಹುಡುಕಿ ಬರೆಸಿಕೊಂಡು 1850ರಲ್ಲಿ ಪುಸ್ತಕವಾಗಿ ಅಚ್ಚು ಹಾಕಿಸಿದರು. ಜೈಮಿನಿ ಭಾರತ, ತೊರವೆ ರಾಮಾಯಣ, ಬಸವ ಪುರಾಣ, ಚೆನ್ನಬಸವ ಪುರಾಣ ಇವನ್ನೆಲ್ಲ ತಾಳೆಗರಿಯಿಂದ ಕಲ್ಲಿಗೆ ಇಳಿಸಿದ 'ಬಿಬ್ಲಿಯೊಥೆಕಾ ಕರ್ನಾಟಿಕಾ' ಮಾಲೆಯೂ ಅವರದೇ. ಅದಕ್ಕೆ ಹಣ ಕೊಟ್ಟವರು ಕಾಸಾಮೇಜರ್ ಅನ್ನುವ ನಿವೃತ್ತ ಜಡ್ಜರು. ಕನ್ನಡದ ಈ ಕೆಲಸಕ್ಕಾಗಿಯೇ 1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಡಾಕ್ಟರೇಟ್ ಕೊಟ್ಟಿತು.

ಮತ ಬದಲಿಸಲು ಬಂದವರು ಬಸವ ಪುರಾಣ ಅಚ್ಚು ಹಾಕಿದ್ದು ಯಾಕೆ? ಎದುರಾಳಿಯನ್ನು ತಿಳಿದುಕೊಳ್ಳಲು ಅಂತ ಒಬ್ಬರು ಹೇಳಬಹುದು, ಭಾಷೆಯ ಮೇಲೆ ಪ್ರೀತಿ ಹುಟ್ಟಿತು ಅಂತ ಇನ್ನೊಬ್ಬರು. ನನ್ನ ಕೇಳಿದರೆ ಶುರುವಾದದ್ದು ಮೊದಲನೆಯದಕ್ಕೆ, ಮುಗಿದದ್ದು ಎರಡನೆಯದರಲ್ಲಿ. ಇಷ್ಟು ಪುಟ ಬರಿ ದ್ವೇಷದಿಂದ ಯಾರೂ ಬರೆಸುವುದಿಲ್ಲ ಸ್ವಾಮಿ, ಬೆನ್ನು ನೋಯುತ್ತದೆ.

ಅಷ್ಟು ಚೆನ್ನಾಗಿ ನಡೆಯುತ್ತಿದ್ದ ಪತ್ರಿಕೆ ಒಂದು ವರ್ಷವೂ ತುಂಬದೆ ನಿಂತದ್ದು ಯಾಕೆ?
ಪ್ರೌಢಶಾಲಾ ಶಿಕ್ಷಕರು, ಪುತ್ತೂರು

ನಿಲ್ಲಲಿಲ್ಲ ಮೇಷ್ಟ್ರೇ, ಊರು ಬಿಟ್ಟಿತು. ಮಂಗಳೂರಿನಿಂದ ಕೊನೆಯ ಸಂಚಿಕೆ ಬಂದದ್ದು 1844ರ ಫೆಬ್ರವರಿಯಲ್ಲಿ. ಆಮೇಲೆ ಅದೇ ವರ್ಷ 'ಕನ್ನಡ ಸಮಾಚಾರ' ಅನ್ನುವ ಹೆಸರಿನಲ್ಲಿ ಬಳ್ಳಾರಿಯಿಂದ ಹೊರಟಿತು.

ಬಳ್ಳಾರಿ ಯಾಕೆ ಅಂದರೆ ಅಲ್ಲಿ ಮೊಳೆ ಇತ್ತು. ಲಂಡನ್ ಮಿಷನ್ನಿನವರು ಬಳ್ಳಾರಿಗೆ ಬಂದದ್ದು 1810ರಲ್ಲಿ, ಬಾಸೆಲ್ಲಿನವರಿಗಿಂತ ಇಪ್ಪತ್ತನಾಲ್ಕು ವರ್ಷ ಮೊದಲು. ಜಾನ್ ಹ್ಯಾಂಡ್ಸ್ ಅನ್ನುವವರು ಅಲ್ಲಿ ಕೂತು ಬೈಬಲನ್ನು ಕನ್ನಡಕ್ಕೆ ತಂದು ಅಚ್ಚು ಹಾಕಿಸಿದ್ದರು. ಅಚ್ಚುಮೊಳೆ, ಜೋಡಿಸುವ ಕೈ, ಒತ್ತುವ ಯಂತ್ರ ಎಲ್ಲ ಅಲ್ಲಿ ಪಳಗಿದ್ದವು. ಮಂಗಳೂರಿನ ಕಲ್ಲಿಗೋ, ಹೆಚ್ಚು ಪ್ರತಿ ಬೇಕೆಂದರೆ ಆಗುತ್ತಿರಲಿಲ್ಲ. ಒಂದೊಂದು ಹಾಳೆಗೂ ಒರೆಸು, ಶಾಯಿ ಹಚ್ಚು, ಎಳೆ ಅಂದೆನಲ್ಲ, ಆ ವೇಗದಲ್ಲಿ ಘಟ್ಟದ ಮೇಲಿನವರಿಗೂ ಪತ್ರಿಕೆ ಕಳಿಸುವುದು ಹೇಗೆ? ಅಲ್ಲದೆ ಕಲ್ಲನ್ನು ಮುಂದಿನ ಪುಟಕ್ಕೆ ಉಜ್ಜಿ ಅಳಿಸಿದರೆ ಹಿಂದಿನ ಪುಟ ಹೋಯಿತು. ಮೊಳೆಯಲ್ಲಾದರೆ ಜೋಡಿಸಿಟ್ಟ ಫಾರಮ್ಮನ್ನು ಕಟ್ಟಿ ಮೂಲೆಗಿಟ್ಟು ನಾಳೆ ಮತ್ತೆ ನೂರು ಪ್ರತಿ ಒತ್ತಬಹುದು.

ಲೆಕ್ಕದ ಪ್ರಕಾರ ನಿರ್ಧಾರ ಸರಿ. ನಾನಿದ್ದರೂ ಅದನ್ನೇ ಮಾಡುತ್ತಿದ್ದೆನೇನೋ. ಆದರೆ ಪತ್ರಿಕೆಯ ಹೆಸರು ನೋಡಿ. ಮೊದಲು ಮಂಗಳೂರ ಸಮಾಚಾರ, ಆಮೇಲೆ ಕನ್ನಡ ಸಮಾಚಾರ. ಮೊದಲನೆಯದರಲ್ಲಿ ಊರ ವರ್ತಮಾನಕ್ಕೆ ಮೊದಲ ಜಾಗ. ಕಟ್ಟೆಯ ಮೇಲೆ ಕೂತು ಬಾಯಿಗೆ ಬಂದದ್ದು ಹೇಳುವವನಿಗೆ ಎದುರಾಗಿ ಹುಟ್ಟಿದ ಪತ್ರಿಕೆ ಅದು. ಆ ಕಟ್ಟೆ ಮಂಗಳೂರಿನಲ್ಲಿತ್ತು. ಅಚ್ಚಿನ ಮನೆ ನೂರಾರು ಮೈಲಿ ದೂರ ಘಟ್ಟದಾಚೆ ಹೋದ ಮೇಲೆ, ಬಂದರಿನಲ್ಲಿ ಏನಾಯಿತು ಅನ್ನುವುದನ್ನು ಬರೆದು ಕಳಿಸಿ, ಅದು ಅಚ್ಚಾಗಿ, ಮತ್ತೆ ಘಟ್ಟ ಇಳಿದು ಬರುವ ಹೊತ್ತಿಗೆ ಊರಿನವರು ಅದನ್ನು ಮರೆತೇ ಬಿಟ್ಟಿರುತ್ತಾರೆ. ಬಳ್ಳಾರಿಯಲ್ಲೂ ಅದು ಬಹಳ ಕಾಲ ಬಾಳಲಿಲ್ಲ.

ಪ್ರತಿ ಹೆಚ್ಚಾಗಲಿ ಅಂತ ಹೋದ ಪತ್ರಿಕೆಗೆ 'ಇದು ನಮ್ಮದು' ಅನ್ನುವ ಊರೇ ಇಲ್ಲವಾಯಿತು. ಇದು ನನ್ನ ಅಭಿಪ್ರಾಯ, ಇತಿಹಾಸಕಾರರು ಬೇರೆ ಹೇಳಬಹುದು. ಆದರೆ ಸಣ್ಣ ಊರಿನ ಪತ್ರಿಕೆಗಳು ಜಿಲ್ಲಾ ಪತ್ರಿಕೆಯಾಗಲು ಹೋಗಿ, ಜಿಲ್ಲಾ ಪತ್ರಿಕೆಗಳು ರಾಜ್ಯದ ಪತ್ರಿಕೆಯಾಗಲು ಹೋಗಿ ಮುಗ್ಗರಿಸಿದ್ದನ್ನು ನಾನೇ ಹತ್ತಿರದಿಂದ ನೋಡಿದ್ದೇನೆ. ಊರಿನ ಸಾವು, ಮದುವೆ, ಜಗಳ, ಜಾತ್ರೆ ಒಳಪುಟಕ್ಕೆ ಹೋದ ದಿನ ಚಂದಾದಾರ ಎದ್ದು ಹೋಗುತ್ತಾನೆ.

ಒಂದು ವಿಚಿತ್ರ ಕೇಳಿ. ಕೆಲವೇ ವರ್ಷದಲ್ಲಿ, 1850ರ ದಶಕದ ಮೊದಲಿಗೆ, ಮಂಗಳೂರಿನ ಮಿಷನ್ ಪ್ರೆಸ್ಸಿಗೂ ಕನ್ನಡ ಮೊಳೆ ಬಂತು. ಮುಂದೆ ಅದೇ ಪ್ರೆಸ್ಸಿನಲ್ಲಿ 1894ರಲ್ಲಿ ಕಿಟ್ಟೆಲ್ ನಿಘಂಟು ಅಚ್ಚಾಯಿತು. ಸ್ವಲ್ಪ ಕಾದಿದ್ದರೆ ಪತ್ರಿಕೆ ಊರು ಬಿಡಬೇಕಾಗೇ ಇರಲಿಲ್ಲ. ಮೊಗ್ಲಿಂಗ್ ಅಷ್ಟರಲ್ಲಿ ಕೊಡಗಿಗೆ ಹೋಗಿ ಬೇರೆ ಕೆಲಸ ಹಚ್ಚಿಕೊಂಡಿದ್ದರು. 1860ರಲ್ಲಿ ಜರ್ಮನಿಗೆ ಮರಳಿದರು, 1881ರಲ್ಲಿ ತೀರಿಕೊಂಡರು.

ಭಾರತದಲ್ಲೇ ಮೊದಲ ದೇಶಭಾಷೆ ಪತ್ರಿಕೆ ನಮ್ಮದಾ?
ಓದುಗರು, ದಾವಣಗೆರೆ

ಅಲ್ಲ. ಬಂಗಾಳಿಯಲ್ಲಿ ಸೆರಾಂಪುರದ 'ಸಮಾಚಾರ ದರ್ಪಣ' 1818ರಲ್ಲೇ ಬಂತು. ಗುಜರಾತಿಯ 'ಮುಂಬಯಿ ಸಮಾಚಾರ್' 1822ರದು, ಇವತ್ತಿಗೂ ನಡೆಯುತ್ತಿದೆ. ಮರಾಠಿಯ 'ದರ್ಪಣ' 1832. ಆದರೆ ಮಲಯಾಳಂಗಿಂತ ನಾವು ಮೊದಲು. ಅವರ 'ರಾಜ್ಯಸಮಾಚಾರಂ' ತಲಶ್ಶೇರಿಯಿಂದ 1847ರಲ್ಲಿ ಹೊರಟಿತು. ತಂದವರು ಹರ್ಮನ್ ಗುಂಡರ್ಟ್, ಅವರೂ ಬಾಸೆಲ್ ಮಿಷನ್ನಿನವರೇ, ಮೊಗ್ಲಿಂಗರ ಆಪ್ತ ಗೆಳೆಯರು. ಕಾದಂಬರಿಕಾರ ಹರ್ಮನ್ ಹೆಸ್ಸೆಗೆ ಈ ಗುಂಡರ್ಟ್ ತಾಯಿಯ ತಂದೆ. ಇಷ್ಟು ಕ್ವಿಜ್‌ಗೆ ಸಾಕಲ್ವಾ?

ಇಂಗ್ಲಿಷರ ಕಾಲದಲ್ಲಿ ಪತ್ರಿಕೆ ತೆಗೆಯಲು ಅಪ್ಪಣೆ ಬೇಕಿತ್ತಾ? ಕಲೆಕ್ಟರನ್ನು ಬೈದರೆ ಏನಾಗುತ್ತಿತ್ತು?
ಕಾನೂನು ವಿದ್ಯಾರ್ಥಿ, ಧಾರವಾಡ

ಮೊಗ್ಲಿಂಗ್ ಪತ್ರಿಕೆ ತೆಗೆದದ್ದು ಒಳ್ಳೇ ಗಳಿಗೆಯಲ್ಲಿ. ಹಂಗಾಮಿ ಗವರ್ನರ್ ಜನರಲ್ ಆಗಿದ್ದ ಮೆಟ್‌ಕಾಫ್ 1835ರಲ್ಲಿ ಹಳೇ ಲೈಸೆನ್ಸಿನ ಕಾಯ್ದೆ ಕಿತ್ತುಹಾಕಿದ್ದರು. ಮುದ್ರಕ ಯಾರು, ಪ್ರಕಾಶಕ ಯಾರು, ಅಚ್ಚಾಗುವ ಸ್ಥಳ ಯಾವುದು ಅಂತ ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ ಕೊಟ್ಟರೆ ಮುಗಿಯಿತು. ಇವತ್ತಿಗೂ ಪತ್ರಿಕೆಗಳ ಕಡೇ ಪುಟದ ಬುಡದಲ್ಲಿ ಸಣ್ಣ ಅಕ್ಷರದಲ್ಲಿ ಮುದ್ರಕರ ಹೆಸರು, ಸ್ಥಳ ಇರುತ್ತದಲ್ಲ, ಆ ಪದ್ಧತಿಯ ಬೇರು ಅಲ್ಲಿದೆ. ಅದನ್ನು ಬಿಟ್ಟುಹೋದರೆ ಮಾಲೀಕರು ನಮ್ಮ ಮೇಲೆ ಹಾರಾಡುತ್ತಿದ್ದರು, ಸಂಪಾದಕೀಯ ಬಿಟ್ಟುಹೋದರೂ ಅಷ್ಟು ಕೂಗುತ್ತಿರಲಿಲ್ಲ.

ಆಮೇಲೆ ಬಿಗಿ ಶುರುವಾಯಿತು. 1857ರ ದಂಗೆಯ ಹೊತ್ತಿಗೆ ಒಂದು ವರ್ಷದ ಮಟ್ಟಿಗೆ ಲೈಸೆನ್ಸ್ ಮತ್ತೆ ಬಂತು. 1867ರಲ್ಲಿ ಪ್ರೆಸ್ಸುಗಳನ್ನೂ ಪುಸ್ತಕಗಳನ್ನೂ ನೋಂದಾಯಿಸುವ ಕಾಯ್ದೆ. 1878ರಲ್ಲಿ ವೈಸ್‌ರಾಯ್ ಲಿಟ್ಟನ್ ಸಾಹೇಬರು ದೇಶಭಾಷೆಯ ಪತ್ರಿಕೆಗಳಿಗೇ ಅಂತ ಒಂದು ಕಾಯ್ದೆ ತಂದರು. ಇಂಗ್ಲಿಷ್ ಪತ್ರಿಕೆ ಬೈದರೆ ಪರವಾಗಿಲ್ಲ, ದೇಶಭಾಷೆಯಲ್ಲಿ ಬೈದರೆ ಮುಚ್ಚಳಿಕೆ, ಠೇವಣಿ, ಪ್ರೆಸ್ ಜಪ್ತಿ! ಅವರ ಜಾಗಕ್ಕೆ ರಿಪ್ಪನ್ ಬಂದ ಮೇಲೆ ಅದು ರದ್ದಾಯಿತು.

ನಮ್ಮ ಮುತ್ತಜ್ಜ 1890ರ ಸುಮಾರಿಗೆ ನಮ್ಮೂರಲ್ಲೇ ಒಂದು ಪತ್ರಿಕೆ ನಡೆಸುತ್ತಿದ್ದರಂತೆ. ಹರಿದ ಎರಡು ಹಾಳೆ ಪೆಟ್ಟಿಗೆಯಲ್ಲಿವೆ, ಬೇರೆ ಏನೂ ಇಲ್ಲ. ಅದರ ಬಗ್ಗೆ ತಿಳಿಯುವುದು ಹೇಗೆ?
ಕೃಷಿಕರು, ಬಾಗಲಕೋಟೆ ಜಿಲ್ಲೆ

ಈ ತಿಂಗಳ ಪತ್ರಗಳಲ್ಲಿ ನನ್ನನ್ನು ಎದ್ದು ಕೂರಿಸಿದ್ದು ನಿಮ್ಮದು. ಆ ಶತಮಾನದ ಕೊನೆಯ ಮೂವತ್ತು ವರ್ಷ ಊರ ಪತ್ರಿಕೆಗಳ ಸುಗ್ಗಿ. ಮೈಸೂರಿನಲ್ಲಿ ಭಾಷ್ಯಂ ಭಾಷ್ಯಾಚಾರ್ಯರಂಥವರು ಮೊದಲೇ ದಾರಿ ಹಾಕಿದ್ದರು. 1881ರಲ್ಲಿ ಯಜಮಾನ ವೀರಬಸಪ್ಪನವರ 'ಮೈಸೂರು ಸ್ಟಾರ್' ಬಂತು. ತಾತಯ್ಯ ಅಂತಲೇ ಹೆಸರಾದ ವೆಂಕಟಕೃಷ್ಣಯ್ಯನವರ 'ವೃತ್ತಾಂತ ಚಿಂತಾಮಣಿ' ಬಂತು. ನಿಮ್ಮ ಪಕ್ಕದ ಬಿಜಾಪುರದಿಂದ 1890ರ ದಶಕದಲ್ಲಿ 'ಕರ್ನಾಟಕ ವೈಭವ' ಹೊರಟಿತು. ಮರಾಠಿಯ ಅಬ್ಬರದ ನಡುವೆ ನಿಮ್ಮ ಕಡೆ ಕನ್ನಡ ಪತ್ರಿಕೆ ತೆಗೆಯುವುದು ಅಂದರೆ ಮಂಗಳೂರಿಗಿಂತ ದೊಡ್ಡ ಸಾಹಸ.

ಈಗ ಕೆಲಸಕ್ಕೆ ಬರೋಣ. ನಿಮ್ಮ ಮುತ್ತಜ್ಜನ ಪತ್ರಿಕೆಯನ್ನು ಊರಿನವರು ಓದದೆ ಬಿಟ್ಟಿದ್ದರೂ ಸರಕಾರದವರು ಓದಿರುವ ಸಂಭವ ಜಾಸ್ತಿ. 1867ರ ಕಾಯ್ದೆ ಆದ ಮೇಲೆ ಬ್ರಿಟಿಷ್ ಪ್ರಾಂತ್ಯಗಳಲ್ಲಿ ಭಾಷಾಂತರಕಾರರನ್ನು ಕೂರಿಸಿ, ದೇಶಭಾಷೆಯ ಪತ್ರಿಕೆಗಳಲ್ಲಿ ಸರಕಾರದ ಬಗ್ಗೆ ಏನು ಬಂತು ಅಂತ ವಾರವಾರವೂ ಇಂಗ್ಲಿಷಿನಲ್ಲಿ ಸಾರಾಂಶ ಮಾಡಿಸುತ್ತಿದ್ದರು. ಗುಟ್ಟಿನ ವರದಿ ಅದು. 'ನೇಟಿವ್ ನ್ಯೂಸ್‌ಪೇಪರ್ಸ್' ವರದಿಗಳು ಅಂತ ಹೆಸರು. ಅದರಲ್ಲಿ ಪತ್ರಿಕೆಯ ಹೆಸರು, ಊರು, ಎಷ್ಟು ಪ್ರತಿ ಹೋಗುತ್ತದೆ ಅನ್ನುವುದೂ ಸಿಗುತ್ತದೆ. ಪತ್ರಿಕೆಯೇ ಉಳಿಯದಿದ್ದರೂ ಅದರ ಬೈಗುಳ ಅಲ್ಲಿ ಉಳಿದಿರುತ್ತದೆ. ನಿಮ್ಮ ಊರು ಆಗ ಮುಂಬಯಿ ಪ್ರಾಂತ್ಯದಲ್ಲಿದ್ದರೆ ಆ ಪ್ರಾಂತ್ಯದ ವರದಿ ನೋಡಬೇಕು. ಯಾವುದೋ ಸಂಸ್ಥಾನಕ್ಕೆ ಸೇರಿದ್ದರೆ, ಜಮಖಂಡಿ, ಮುಧೋಳದ ಹಾಗೆ, ಸಂಸ್ಥಾನದ ದಫ್ತರದ ಕಡೆಯೂ ಹುಡುಕಬೇಕಾಗುತ್ತದೆ. ಮುಂಬಯಿಯ ರಾಜ್ಯ ಪತ್ರಾಗಾರಕ್ಕೆ ಒಂದು ಕಾಗದ ಹಾಕಿ. ವರ್ಷ ಗೊತ್ತಿದ್ದರೆ ಕೆಲಸ ಸಲೀಸು.

ವರ್ಷ ಗೊತ್ತುಮಾಡುವುದು ನಿಮ್ಮ ಕೈಯಲ್ಲೇ ಇದೆ. ಹಾಳೆಯ ತಲೆಯಲ್ಲಿ ಸಂಪುಟ, ಸಂಚಿಕೆ ಸಂಖ್ಯೆ ಇದೆಯಾ ನೋಡಿ. ತಾರೀಖು ಹರಿದುಹೋಗಿದ್ದರೆ ಸಂವತ್ಸರದ ಹೆಸರು ಹುಡುಕಿ. ವಿಕೃತಿ ಅಂತ ಇದ್ದರೆ 1890-91 ಅನ್ನಬಹುದು, ಅರವತ್ತು ವರ್ಷಕ್ಕೊಮ್ಮೆ ಮಾತ್ರ ಅದು ಮರಳುವುದು. ಬುಡದಲ್ಲಿ ಮುದ್ರಕರ ಸಾಲು ಖಂಡಿತ ಓದಿ. ಪತ್ರಿಕೆ ನಿಮ್ಮೂರಿನದಾದರೂ ಅಚ್ಚಾಗಿದ್ದು ಬೆಳಗಾವಿಯಲ್ಲೋ ಧಾರವಾಡದಲ್ಲೋ ಇರಬಹುದು. ಹಾಗಿದ್ದರೆ ನಿಮ್ಮೂರಿನಲ್ಲಿ ಪ್ರೆಸ್ ಇತ್ತಾ ಅಂತ ವಿಚಾರಿಸುತ್ತ ಕಾಲ ಕಳೆಯಬೇಡಿ. ಬೆರಳಿಂದ ಹಾಳೆಯ ಹಿಂಭಾಗ ಹಗುರವಾಗಿ ಸವರಿ. ಉಬ್ಬು ತಗುಲಿದರೆ ಮೊಳೆಯದು, ನುಣ್ಣಗಿದ್ದು ಅಕ್ಷರ ಕೈಬರಹದ ಹಾಗಿದ್ದರೆ ಕಲ್ಲಿನದು. 1890ರಲ್ಲೂ ಬಡ ಪತ್ರಿಕೆಗಳು ಕಲ್ಲಿನಲ್ಲೇ ಅಚ್ಚಾಗುತ್ತಿದ್ದವು.

ಊರಿನಲ್ಲೂ ಹುಡುಕಿ. ಹಳೇ ಮನೆಗಳ ಲೆಕ್ಕದ ಪುಸ್ತಕದ ರಟ್ಟು ಬಿಚ್ಚಿದರೆ ಒಳಗೆ ಅಂಟಿಸಿದ ಪತ್ರಿಕೆ ಹಾಳೆ ಸಿಗುವುದುಂಟು. ಮಠದ ಪುಸ್ತಕ ಭಂಡಾರ, ಹಳೇ ಶಾಲೆಯ ಬೀರು, ಮಸಾಲೆ ಡಬ್ಬಿಯ ತಳ, ದೇವರ ಪಟದ ಹಿಂಭಾಗ, ಎಲ್ಲ ನೋಡಿ. ಪಟದ ಹಿಂದೆ ಹಾಕಿದ ಕಾಗದಕ್ಕೆ ಬೆಳಕು ತಗುಲಿರುವುದಿಲ್ಲ, ಅಕ್ಷರ ಗಟ್ಟಿಯಾಗಿರುತ್ತದೆ.

ಆ ಎರಡು ಹಾಳೆಗಳಿಗೆ ದಯವಿಟ್ಟು ಸೆಲ್ಲೋಟೇಪ್ ಹಚ್ಚಬೇಡಿ. ಹತ್ತು ವರ್ಷದಲ್ಲಿ ಅಂಟು ಹಳದಿಯಾಗಿ ಕಾಗದವನ್ನೇ ತಿಂದುಹಾಕುತ್ತದೆ. ಲ್ಯಾಮಿನೇಶನ್ ಅಂಗಡಿಗಂತೂ ಬೇಡವೇ ಬೇಡ. ಮಡಿಕೆ ಬಿಡಿಸಿ, ಎರಡು ಬಿಳಿ ಹಾಳೆಯ ನಡುವೆ ಮಲಗಿಸಿ, ಮೇಲೊಂದು ರಟ್ಟು ಇಡಿ. ಬಿಸಿಲಿಲ್ಲದ ಕಿಟಕಿ ಪಕ್ಕ, ಫ್ಲ್ಯಾಶ್ ಇಲ್ಲದೆ ಮೊಬೈಲ್‌ನಲ್ಲಿ ಫೋಟೋ ತೆಗೆದು, ಎರಡೂ ಬದಿಯದ್ದು ಈ ಅಂಕಣಕ್ಕೆ ಕಳಿಸಿ. ಬುಡದ ಸಾಲು ಸ್ಪಷ್ಟವಾಗಿ ಬರಲಿ, ನಾನು ಮೊದಲು ಓದುವುದು ಅದನ್ನೇ.